ಜನಪರ ವಕೀಲಿಕೆಗೆ ಹೊರಟ ಕಾನೂನು ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿಕೆ ಮಾಡುತ್ತಲೇ ಹಲವು ವರ್ಷಗಳಿಂದ ಕಾನೂನು ವಿದ್ಯಾರ್ಥಿಗಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ಓದಿ ತಿದ್ದಿಕೊಡುತ್ತಾ ಬಂದಿದ್ದೇನೆ. ಕಾಲೇಜಿನ ಜಗಲಿಯಲ್ಲಿ ವಿದ್ಯಾರ್ಥಿಗಳು, ಕೋರ್ಟ್ ಆವರಣದಲ್ಲಿ ತಂದೆತಾಯಿಯರು, ಪತ್ರಗಳಲ್ಲಿ ದೂರದ ಊರಿನವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಬಡವರ ಪರವಾಗಿ ನಿಲ್ಲಬೇಕೆಂದು ಕಾನೂನು ಓದಲು ಬಂದವರಲ್ಲಿ ಹೆಚ್ಚಿನವರು ಕಾಲೇಜಿನಲ್ಲಿ ಸೋಲುವುದಿಲ್ಲ; ಪದವಿ ಮುಗಿದ ಮೇಲಿನ ಎರಡು ಮೂರು ವರ್ಷಗಳಲ್ಲಿ, ಕೈಯಲ್ಲಿ ಕಾಸಿಲ್ಲದೆ, ದಾರಿ ಬಿಡುತ್ತಾರೆ. ಹಾಗಾಗಿ ಇಲ್ಲಿ ಕಾಲೇಜಿನ ಶುಲ್ಕದಷ್ಟೇ ಅನಂತರದ ದಿನಗಳ ಬಗೆಗೂ ಬರೆದಿದ್ದೇನೆ.

ಮೊದಲ ಹೆಜ್ಜೆ

ಜನಪರ ವಕೀಲಿಕೆ ಅಂದರೆ ಪಿಐಎಲ್ ಹಾಕುವುದು ತಾನೇ? ಅದಕ್ಕೇ ಅಂತ ಸ್ಕಾಲರ್‌ಶಿಪ್ ಇದೆಯಾ?

ಸಾರ್ವಜನಿಕ ಹಿತಾಸಕ್ತಿ ಅರ್ಜಿ ಈ ಕೆಲಸದ ಒಂದು ಸಣ್ಣ ಭಾಗ ಮಾತ್ರ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಯಡಿ, ಕೈತಪ್ಪಿದ ಜಮೀನನ್ನು ಬಿಡಿಸಿಕೊಡಿ ಎಂದು ಉಪವಿಭಾಗಾಧಿಕಾರಿಯ ಮುಂದೆ ವಾದಿಸುವುದು, ಜಾಮೀನು ಕೊಡುವವರಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿರುವ ವಿಚಾರಣಾಧೀನ ಕೈದಿಗೆ ಬಿಡುಗಡೆ ಕೊಡಿಸುವುದು, ಕಾರ್ಮಿಕ ನ್ಯಾಯಾಲಯದಲ್ಲಿ ಪೌರಕಾರ್ಮಿಕರ ಪರ ನಿಲ್ಲುವುದು, ಅರಣ್ಯ ಹಕ್ಕು ಕಾಯ್ದೆಯಡಿ ತಿರಸ್ಕೃತವಾದ ಅರ್ಜಿಗೆ ಮೇಲ್ಮನವಿ ಹಾಕುವುದು, ಜೀವನಾಂಶಕ್ಕಾಗಿ ಅಲೆಯುವ ಹೆಣ್ಣುಮಗಳ ಜೊತೆ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುವುದು, ಇವೆಲ್ಲವೂ ಜನಪರ ವಕೀಲಿಕೆಯೇ.

ಇದಕ್ಕೆಂದೇ ಮೀಸಲಾದ ವಿದ್ಯಾರ್ಥಿವೇತನ ಅಮೆರಿಕದ ಕಾನೂನು ಶಾಲೆಗಳಲ್ಲಿ ಹೆಚ್ಚು, ನಮ್ಮಲ್ಲಿ ಬಹಳ ಕಡಿಮೆ. ನಮ್ಮಲ್ಲಿರುವುದು ಜಾತಿ, ಆದಾಯ, ಅಂಕ ಅಥವಾ ಪ್ರವೇಶ ಪರೀಕ್ಷೆಯ ಆಧಾರದ ಮೇಲೆ ಕೊಡುವ ನೆರವು. ಅದನ್ನು ಪಡೆದವರು ಮುಂದೆ ಯಾವ ಕೆಲಸ ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಇದು ಕೊರತೆಯಂತೆ ಕಂಡರೂ ವಿದ್ಯಾರ್ಥಿಗೆ ಒಂದು ಅನುಕೂಲವಿದೆ: ಯಾವ ಕರಾರಿಗೂ ಸಹಿ ಹಾಕದೆ, ಹಲವು ಕಡೆಯ ನೆರವನ್ನು ಒಂದರ ಮೇಲೊಂದು ಜೋಡಿಸಿಕೊಂಡು, ತಲೆಯ ಮೇಲೆ ಸಾಲವಿಲ್ಲದೆ ಪದವಿ ಮುಗಿಸಬಹುದು.

ಮಗಳು ಪಿಯುಸಿ ಮುಗಿಸಿ ಲಾ ಓದುತ್ತೇನೆ ಅನ್ನುತ್ತಿದ್ದಾಳೆ. ಕಡಿಮೆ ಖರ್ಚಿನಲ್ಲಿ ಆಗುತ್ತದೆಯೇ?

ಖಂಡಿತ ಆಗುತ್ತದೆ. ಪಿಯುಸಿ ಆದವರಿಗೆ ಐದು ವರ್ಷದ ಕೋರ್ಸ್, ಯಾವುದಾದರೂ ಪದವಿ ಆದವರಿಗೆ ಮೂರು ವರ್ಷದ ಕೋರ್ಸ್ ಇದೆ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿವೆ. ಅವುಗಳಲ್ಲಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಶುಲ್ಕ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದು. ಈ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯಲ್ಲೇ ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆ ಇರುತ್ತದೆ. ಎಂದರೆ ಕನ್ನಡದಲ್ಲಿ ಬರೆದೇ ವಕೀಲರಾಗಬಹುದು.

ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜಿಗೆ ಸಾಲ ಮಾಡಿ ಸೇರಿಸುವುದಕ್ಕಿಂತ ಹತ್ತಿರದ ಅನುದಾನಿತ ಕಾಲೇಜಿನಲ್ಲಿ ಓದಿಸಿ, ಉಳಿದ ಹಣವನ್ನು ಪದವಿಯ ನಂತರದ ವರ್ಷಗಳಿಗೆ ತೆಗೆದಿಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಜಿಲ್ಲಾ ನ್ಯಾಯಾಲಯದ ಕಕ್ಷಿದಾರನಿಗೆ ಬೇಕಿರುವುದು ತನ್ನ ಮಾತು ಅರ್ಥಮಾಡಿಕೊಂಡು, ಕಡತ ಓದಿಕೊಂಡು ಬರುವ ವಕೀಲ.

ಎಸ್‌ಎಸ್‌ಪಿಯಲ್ಲಿ ಲಾ ಓದುವವರಿಗೆ ಏನೇನು ಸಿಗುತ್ತದೆ?

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ, ಶುಲ್ಕ ಮರುಪಾವತಿಗೆ ಅರ್ಜಿ ಹಾಕಬಹುದು. ಆದಾಯದ ಮಿತಿ ಪ್ರವರ್ಗದಿಂದ ಪ್ರವರ್ಗಕ್ಕೆ ಬೇರೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಕೇಂದ್ರ ಯೋಜನೆಯಲ್ಲಿ ಅದು ವರ್ಷಕ್ಕೆ 2.5 ಲಕ್ಷ ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ವಿದ್ಯಾಸಿರಿ ಇದೆ.

ಜಾತಿಯ ಪ್ರಶ್ನೆಯೇ ಇಲ್ಲದ ಇನ್ನೊಂದು ಯೋಜನೆಯನ್ನು ಕಾನೂನು ವಿದ್ಯಾರ್ಥಿಗಳು ಮರೆಯುತ್ತಾರೆ. 2021ರಲ್ಲಿ ರೈತರ ಮಕ್ಕಳಿಗಾಗಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಎಲ್‌ಎಲ್‌ಬಿಯನ್ನು ಹೆಸರಿಸಿಯೇ ಸೇರಿಸಲಾಗಿತ್ತು. ವರ್ಷಕ್ಕೆ ಹುಡುಗರಿಗೆ 7,500, ಹುಡುಗಿಯರಿಗೆ 8,000 ರೂಪಾಯಿ ಎಂದು ನಿಗದಿಯಾಗಿತ್ತು. ಇದಕ್ಕೆ ತಂದೆ ಅಥವಾ ತಾಯಿಯ ಹೆಸರು ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕು. ಹತ್ತನೆಯ ಮತ್ತು ಹನ್ನೆರಡನೆಯ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಇದಕ್ಕೆ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು.

ಮಂಜೂರಾಗಿದೆ ಅಂತ ತೋರಿಸ್ತಿದೆ, ಆದರೆ ದುಡ್ಡು ಖಾತೆಗೆ ಬಂದೇ ಇಲ್ಲ. ಏನು ಮಾಡಲಿ?

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಇದೇ ಮಾತು ಹೇಳಿಕೊಂಡು ಕಣ್ಣೀರು ತುಂಬಿಕೊಂಡು ಬಂದಿದ್ದಳು. ಪಾಸ್‌ಬುಕ್ ತೆರೆದು ಸಾಲು ಸಾಲಾಗಿ ನೋಡಿದೆವು, ಎಲ್ಲಿಯೂ ಜಮೆಯಾಗಿರಲಿಲ್ಲ. ಕಡೆಗೆ ಅವಳ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಿದಾಗ ಗೊತ್ತಾಯಿತು: ಎರಡು ವರ್ಷದ ಹಿಂದೆ ಸಿಮ್ ಕೊಳ್ಳುವಾಗ ಅಂಗಡಿಯವರು ಬೆರಳಚ್ಚು ಒತ್ತಿಸಿಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದರು, ಎರಡು ಕಂತಿನ ಹಣ ಅಲ್ಲಿ ಕುಳಿತಿತ್ತು. ಅಂಥ ಖಾತೆಯೊಂದು ತನ್ನ ಹೆಸರಿನಲ್ಲಿದೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ.

ನೇರ ನಗದು ವರ್ಗಾವಣೆಯ ಹಣ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ನೀವು ಯಾವ ಪಾಸ್‌ಬುಕ್ಕಿನ ಪ್ರತಿ ಕೊಟ್ಟಿದ್ದೀರಿ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿಗೆ ಹೋಗಿ 'ಆಧಾರ್ ಲಿಂಕ್ ಆಗಿದೆಯೇ' ಎಂದು ಕೇಳಿದರೆ ಸಾಲದು, 'ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ' ಎಂದು ಕೇಳಬೇಕು. ಇವೆರಡೂ ಬೇರೆ ಬೇರೆ; ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂಬ ದಾಖಲೆಯೇ ಈ ಮ್ಯಾಪಿಂಗ್.

ಇದರ ನಂತರದ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇದ್ದು, ಆಧಾರ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಎಲ್ಲವೂ ಬಿಡಿಸಿ ಬರೆದಿದ್ದರೆ ತಂತ್ರಾಂಶ ಇಬ್ಬರೆಂದೇ ತಿಳಿಯುತ್ತದೆ. ಆಧಾರ್ ತಿದ್ದಿಸುವುದು ಸುಲಭ, ಅಂಕಪಟ್ಟಿ ತಿದ್ದಿಸುವುದು ಕಷ್ಟ. ಆದ್ದರಿಂದ ಅಂಕಪಟ್ಟಿಯಂತೆಯೇ ಆಧಾರ್ ಮಾಡಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯ ಗಡುವಿಗೆ ಎರಡು ತಿಂಗಳು ಮೊದಲೇ ನಾಡಕಚೇರಿಯಲ್ಲಿ ಸರಿಯಿದೆಯೇ ನೋಡಿಕೊಳ್ಳಿ. ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಪಿಯುಸಿಗೆಂದು ಮಾಡಿಸಿದ್ದು ಐದು ವರ್ಷದ ಕೋರ್ಸಿನ ನಡುವೆ ಅವಧಿ ಮುಗಿದು, ಒಂದು ವರ್ಷದ ವಿದ್ಯಾರ್ಥಿವೇತನವೇ ತಪ್ಪಿದ ಪ್ರಕರಣಗಳನ್ನು ನಾನು ನೋಡಿದ್ದೇನೆ.

ರಾಷ್ಟ್ರೀಯ ಕಾನೂನು ಶಾಲೆಗಳು ಮತ್ತು ಸಾಲ

ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಕ್ಲಾಟ್ ಬರೆಯುವ ಧೈರ್ಯ ಮಾಡಬಹುದೇ?

ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶಕ್ಕಾಗಿ ಬರೆಯಬೇಕಾದ ಕ್ಲಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. 120 ಪ್ರಶ್ನೆಗಳಿಗೆ ಎರಡು ಗಂಟೆ, ಉದ್ದುದ್ದ ಗದ್ಯಭಾಗಗಳನ್ನು ವೇಗವಾಗಿ ಓದಿ ಉತ್ತರಿಸಬೇಕು. ಕನ್ನಡ ಮಾಧ್ಯಮದವರಿಗೆ ಇದು ಅನ್ಯಾಯದ ಏರ್ಪಾಡು ಎಂದು ನಾನು ನಂಬಿದ್ದೇನೆ. ಆದರೆ ದಾಟಲಾಗದ ಗೋಡೆಯಲ್ಲ.

ಈ ಗೋಡೆಯನ್ನೇ ಗುರಿಯಾಗಿಟ್ಟುಕೊಂಡು ಪ್ರೊ. ಶಾಮ್ನಾದ್ ಬಷೀರ್ 2010ರಲ್ಲಿ ಇಡಿಯಾ ಎಂಬ ಸಂಸ್ಥೆ ಕಟ್ಟಿದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿ ಕಾನೂನು ಪ್ರಾಧ್ಯಾಪಕರಾಗಿದ್ದ ಅವರು 2019ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ತೀರಿಕೊಂಡರು. ಅವರು ಹೋದ ಮೇಲೂ ಸಂಸ್ಥೆ ನಡೆಯುತ್ತಿದೆ. ಕಾನೂನು ವಿದ್ಯಾರ್ಥಿಗಳೇ ಸ್ವಯಂಸೇವಕರಾಗಿ ಹಳ್ಳಿಯ ಶಾಲೆಗಳಿಗೆ, ಅಂಧ ಮಕ್ಕಳ ಶಾಲೆಗಳಿಗೆ ಹೋಗಿ, ಬಡ ಮಕ್ಕಳನ್ನು ಗುರುತಿಸಿ ಪರೀಕ್ಷೆಗೆ ತಯಾರು ಮಾಡುತ್ತಾರೆ. ಸೀಟು ಸಿಕ್ಕವರಿಗೆ ಶುಲ್ಕ, ಪುಸ್ತಕ, ಕಂಪ್ಯೂಟರ್, ಜೊತೆಗೆ ದಾರಿ ತೋರುವ ಹಿರಿಯರೊಬ್ಬರು, ಹೀಗೆ ಪದವಿ ಮುಗಿಯುವವರೆಗೂ ಬೆನ್ನಿಗೆ ನಿಲ್ಲುತ್ತಾರೆ. ನನ್ನ ಕಣ್ಣಿಗೆ ಅವರ ಕೆಲಸದಲ್ಲಿ ಹಣಕ್ಕಿಂತ ದೊಡ್ಡದು ಈ ಬೆನ್ನಾಸರೆ. ಹನ್ನೊಂದನೆಯ ತರಗತಿಯಲ್ಲಿದ್ದಾಗಲೇ ಅವರನ್ನು ಸಂಪರ್ಕಿಸುವುದು ಒಳ್ಳೆಯದು.

ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟುಗಳ ಮೀಸಲಾತಿ ಇದೆ. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು ಇದಕ್ಕೆ ಅರ್ಹರು. ಅರ್ಜಿಯಲ್ಲಿ ಆ ಕಲಂ ತುಂಬದೆ ಬಿಟ್ಟು ಸೀಟು ಕಳೆದುಕೊಳ್ಳಬೇಡಿ.

ನಾಗರಭಾವಿಯಲ್ಲಿ ಸೀಟು ಸಿಕ್ಕಿದೆ, ಆದರೆ ಫೀಸು ನೋಡಿ ಅಪ್ಪ ಬೇಡ ಅಂತಿದ್ದಾರೆ. ಬಿಟ್ಟುಬಿಡಲಾ?

ಬಿಡಬೇಡಿ. ನಾಗರಭಾವಿಯಲ್ಲಿರುವ ಬೆಂಗಳೂರಿನ ಈ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ವರ್ಷದ ಖರ್ಚು ಮೂರು ಲಕ್ಷ ರೂಪಾಯಿ ದಾಟುತ್ತದೆ ಎಂಬುದು ನಿಜ. ಅಪ್ಪನ ಭಯಕ್ಕೂ ಕಾರಣವಿದೆ. ಆದರೆ ನೆರವಿನ ಬಾಗಿಲುಗಳು ಹೆಚ್ಚಿರುವುದೂ ಇಂಥ ಸಂಸ್ಥೆಗಳಲ್ಲೇ.

ಪರಿಶಿಷ್ಟ ಜಾತಿಯವರಾಗಿದ್ದು ಕುಟುಂಬದ ಆದಾಯ 8 ಲಕ್ಷ ರೂಪಾಯಿ ಮೀರದಿದ್ದರೆ ಕೇಂದ್ರದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಬೋಧನಾ ಶುಲ್ಕದ ಜೊತೆಗೆ ಮೊದಲ ವರ್ಷ 86,000, ಮುಂದಿನ ಪ್ರತಿ ವರ್ಷ 41,000 ರೂಪಾಯಿ ಶೈಕ್ಷಣಿಕ ಭತ್ಯೆ ದೊರೆಯುತ್ತದೆ. ಅದರಲ್ಲೇ ವಸತಿ, ಪುಸ್ತಕ, ಲ್ಯಾಪ್‌ಟಾಪ್ ಎಲ್ಲವೂ ಸೇರಿದೆ. ಒಂದೊಂದು ಸಂಸ್ಥೆಗೆ ಇಂತಿಷ್ಟೇ ಸ್ಥಾನಗಳು ಇರುವುದರಿಂದ, ಸೇರಿದ ಮೊದಲ ವರ್ಷದಲ್ಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹೋಗಬೇಕು. ಅಂಗವಿಕಲ ವಿದ್ಯಾರ್ಥಿಗಳಿಗೆ ಅದೇ ಪೋರ್ಟಲ್‌ನಲ್ಲಿ ಬೇರೆಯದೇ ಟಾಪ್ ಕ್ಲಾಸ್ ಯೋಜನೆ ಇದೆ.

ಯಾವ ಪ್ರವರ್ಗಕ್ಕೂ ಸೇರದ, ಆದರೆ ಕೈಯಲ್ಲಿ ಹಣವಿಲ್ಲದ ಮನೆಯವರು ಶಾಲೆಯ ಸ್ವಂತ ಆರ್ಥಿಕ ನೆರವಿನ ಕಚೇರಿಗೆ ಪ್ರವೇಶ ಪಡೆದ ವಾರದಲ್ಲೇ ಬರೆಯಬೇಕು. ಕೇಳಲು ಸಂಕೋಚಪಟ್ಟು ಸಾಹುಕಾರರ ಹತ್ತಿರ ಬಡ್ಡಿಗೆ ತಂದ ತಂದೆಯರನ್ನು ನೋಡಿ ನಾನು ಬಹಳ ನೊಂದಿದ್ದೇನೆ. ನೆರವಿನ ಅರ್ಜಿ ಭಿಕ್ಷೆಯಲ್ಲ. ಆ ನಿಧಿ ಇರುವುದೇ ನಿಮ್ಮಂಥವರಿಗಾಗಿ.

ಬ್ಯಾಂಕ್ ಸಾಲ ಮಾಡಿ ಓದಿದರೆ ಆಮೇಲೆ ಜನಪರ ಕೆಲಸ ಮಾಡಲು ಆಗುತ್ತದಾ?

ಲೆಕ್ಕ ಹಾಕಿ ನೋಡೋಣ. ಹತ್ತು ಲಕ್ಷ ರೂಪಾಯಿ ಸಾಲವನ್ನು ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 13,200 ರೂಪಾಯಿ ಆಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಹೊರಡಿಸಿದ ಸುತ್ತೋಲೆಯಲ್ಲಿ ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಲಾಗಿದೆ. ಅದು ಶಿಫಾರಸಷ್ಟೇ, ಕಡ್ಡಾಯವಲ್ಲ. ಅಷ್ಟು ಕೊಟ್ಟರೂ ಕಂತು ಕಟ್ಟಿದ ಮೇಲೆ ತಾಲ್ಲೂಕಿನ ಜೂನಿಯರ್ ಕೈಯಲ್ಲಿ ಉಳಿಯುವುದು 1,800 ರೂಪಾಯಿ. ಈ ಲೆಕ್ಕವನ್ನು ಓದಿನ ಮೊದಲ ವರ್ಷದಲ್ಲೇ ಗೋಡೆಗೆ ಅಂಟಿಸಿಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುತ್ತೇನೆ.

ಸಾಲ ಅನಿವಾರ್ಯವಾದರೆ ಬಡ್ಡಿ ಇಳಿಸಿಕೊಳ್ಳುವ ದಾರಿಗಳಿವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದುವವರಿಗೆ ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಭರಿಸುವ ಯೋಜನೆ ಮೊದಲಿನಿಂದಲೂ ಇದೆ. ಬ್ಯಾಂಕಿನವರು ತಾವಾಗಿ ಹೇಳದಿದ್ದರೆ ನೀವೇ ಕೇಳಬೇಕು.

ಎರಡು ವಿದ್ಯಾರ್ಥಿವೇತನ ಒಟ್ಟಿಗೆ ತೆಗೆದುಕೊಂಡರೆ ಕೇಸಾಗುತ್ತದೆಯೇ?

ಸರ್ಕಾರಿ ಯೋಜನೆಗಳಲ್ಲಿ ಒಂದೇ ಉದ್ದೇಶಕ್ಕೆ ಎರಡು ಕಡೆಯಿಂದ ಪಡೆಯುವುದನ್ನು ಸಾಮಾನ್ಯವಾಗಿ ನಿಷೇಧಿಸಿರುತ್ತಾರೆ. ಸಿಕ್ಕಿಬಿದ್ದರೆ ಹಣ ಹಿಂದಿರುಗಿಸಬೇಕಾಗುತ್ತದೆ. ಖಾಸಗಿ ನೆರವಿನ ನಿಯಮಗಳು ಬೇರೆ ಬೇರೆ. ಶುಲ್ಕಕ್ಕೆ ಒಂದು ಕಡೆ, ಊಟ ವಸತಿಗೆ ಇನ್ನೊಂದು ಕಡೆ ಎಂದು ಬರೆದು ತಿಳಿಸಿ, ಒಪ್ಪಿಗೆಯ ಪತ್ರ ಇಟ್ಟುಕೊಳ್ಳಿ. ಮುಚ್ಚಿಟ್ಟು ಪಡೆದ ಹಣ ನಾಳೆ ಸನ್ನದಿನ, ಅಂದರೆ ವಕೀಲರಾಗಿ ನೋಂದಣಿಯ, ಅರ್ಜಿಯ ಹೊತ್ತಿಗೆ ತಲೆನೋವಾಗುವುದು ಬೇಡ.

ಅರ್ಜಿ ಬರೆಯುವುದು, ಕೆಲಸ ಕಲಿಯುವುದು

'ಈ ಕ್ಷೇತ್ರವನ್ನು ಏಕೆ ಆರಿಸಿಕೊಂಡಿರಿ' ಅನ್ನೋ ಪ್ರಶ್ನೆಗೆ ಏನು ಬರೆಯಬೇಕು ಸರ್?

'ಸಮಾಜಸೇವೆ ಮಾಡುವ ಹಂಬಲ ಚಿಕ್ಕಂದಿನಿಂದ ಇದೆ' ಎಂದು ಆರಂಭವಾಗುವ ಅರ್ಜಿಗಳನ್ನು ನಾನು ನೂರಾರು ಓದಿದ್ದೇನೆ. ಅವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೆನಪಿಡಲು ಆಗುವುದಿಲ್ಲ. ನೆನಪಿನಲ್ಲಿ ಉಳಿದ ಅರ್ಜಿಯೊಂದಿದೆ. ಬಳ್ಳಾರಿ ಸೀಮೆಯ ಹುಡುಗನೊಬ್ಬ ತನ್ನ ಅಜ್ಜಿಯ ವಿಧವಾ ವೇತನ ಏಳು ತಿಂಗಳು ನಿಂತುಹೋದದ್ದನ್ನು ಬರೆದಿದ್ದ. ಅಜ್ಜಿಯ ಬೆರಳಚ್ಚು ಸವೆದು ಯಂತ್ರ ಒಪ್ಪುತ್ತಿರಲಿಲ್ಲ. ಇವನು ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ನಾಡಕಚೇರಿಗೆ ಐದು ಸಲ ಹೋಗಿದ್ದ. ಐದನೆಯ ಸಲ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಹೋದಾಗ ಕೆಲಸವಾಯಿತು. ಅರ್ಜಿಯ ಕೊನೆಯಲ್ಲಿ ಅವನು ಬರೆದದ್ದು ಇಷ್ಟೇ: ನಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಜನ ಅಜ್ಜಿಯರಿದ್ದರು, ಅವರಿಗೂ ಅದೇ ಅರ್ಜಿ ಬರೆದುಕೊಟ್ಟೆ.

ನೀವು ಕಂಡ ಒಂದು ತೊಂದರೆ, ಅದರ ಹಿಂದಿರುವ ನಿಯಮ, ನೀವು ಮಾಡಿದ್ದು, ಮಾಡಲು ಆಗದೆ ಉಳಿದದ್ದು, ಇಷ್ಟಿದ್ದರೆ ಸಾಕು. ಆಗದೆ ಉಳಿದದ್ದನ್ನು ಬಿಡಬೇಡಿ. ನೀವು ಕಾನೂನು ಕಲಿಯಬೇಕಿರುವುದು ಏಕೆಂದು ಅದರಿಂದಲೇ ಓದುವವರಿಗೆ ಗೊತ್ತಾಗುತ್ತದೆ. ಬಡತನವನ್ನು ಮುಚ್ಚಿಡುವುದೂ ಬೇಡ, ಅದನ್ನೇ ಪುಟ ತುಂಬಾ ಹರಡುವುದೂ ಬೇಡ. ಯೋಚನೆ ಕನ್ನಡದಲ್ಲಿ ಬಂದರೆ ಮೊದಲು ಕನ್ನಡದಲ್ಲೇ ಬರೆದು, ಆಮೇಲೆ ಇಂಗ್ಲಿಷಿಗೆ ತನ್ನಿ.

ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗಲೇಬೇಕಾ?

ಪರಿಷತ್ತಿನ ನಿಯಮದಂತೆ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಅದು ಬೆಂಗಳೂರಿನಲ್ಲೇ ಆಗಬೇಕೆಂದು ಎಲ್ಲಿಯೂ ಇಲ್ಲ. ಪಿಜಿಯ ಬಾಡಿಗೆ ಕಟ್ಟಿ, ದೊಡ್ಡ ಕಚೇರಿಯಲ್ಲಿ ನಾಲ್ಕು ವಾರ ಕಡತ ಜೋಡಿಸುವುದಕ್ಕಿಂತ ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕುಳಿತರೆ ಹೆಚ್ಚು ಕಲಿಯುತ್ತೀರಿ: ಜೈಲು ಭೇಟಿ, ಲೋಕ ಅದಾಲತ್, ಉಚಿತ ವಕೀಲರಿಗಾಗಿ ಬರುವ ಹೆಂಗಸರ ಅರ್ಜಿ, ಎಲ್ಲವನ್ನೂ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ನೋಡಬಹುದು. ಮುಂದೆ ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಿದರೂ ಆ ಅನುಭವಕ್ಕೆ ತೂಕವಿದೆ.

ಪದವಿ ಮುಗಿದ ಮೇಲೆ

ಸನ್ನದು ಮಾಡಿಸಲು ಎಷ್ಟು ದುಡ್ಡು ಬೇಕು? ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

1961ರ ವಕೀಲರ ಕಾಯ್ದೆಯ 24ನೆಯ ಕಲಮಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗದವರಿಗೆ ಒಟ್ಟು 750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ರಾಜ್ಯಗಳ ವಕೀಲರ ಪರಿಷತ್ತುಗಳು ಬೇರೆ ಬೇರೆ ಹೆಸರಿನಲ್ಲಿ ಸಾವಿರಾರು ರೂಪಾಯಿ ಸೇರಿಸಿ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಹೇಳಿದ್ದಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ತೀರ್ಪಿತ್ತಿತು. ಬಡ ಹಿನ್ನೆಲೆಯ ಪದವೀಧರರನ್ನು ಬಾಗಿಲಲ್ಲೇ ತಡೆಯುವ ಶುಲ್ಕ ಸಮಾನತೆಗೆ ವಿರುದ್ಧ ಎಂಬುದು ಅದರ ಹುರುಳು. ಮುದ್ರಾಂಕ ಶುಲ್ಕವಿದ್ದರೆ ಅದು ಪ್ರತ್ಯೇಕ.

ಇದಾದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯ ಶುಲ್ಕವಿದೆ: ಸಾಮಾನ್ಯ ವರ್ಗಕ್ಕೆ 3,500, ಪರಿಶಿಷ್ಟರಿಗೆ 2,500 ರೂಪಾಯಿ. ಕರಿಕೋಟು, ಗೌನು, ಬ್ಯಾಂಡ್, ಒಂದಿಷ್ಟು ಕಾಯ್ದೆ ಪುಸ್ತಕಗಳ ಖರ್ಚು ಇವೆಲ್ಲಕ್ಕಿಂತ ಹೆಚ್ಚಾಗುತ್ತದೆ. ಕೊನೆಯ ವರ್ಷದ ವಿದ್ಯಾರ್ಥಿವೇತನದಲ್ಲಿ ಒಂದು ಭಾಗವನ್ನು ಇದಕ್ಕೆಂದೇ ಉಳಿಸಿಕೊಳ್ಳಿ.

ಸೀನಿಯರ್ ಬಸ್ ಚಾರ್ಜ್ ಕೂಡ ಕೊಡುವುದಿಲ್ಲ. ಮೊದಲ ವರ್ಷಗಳನ್ನು ಹೇಗೆ ಕಳೆಯುವುದು?

ನನ್ನನ್ನು ಬಹಳ ಕಾಡುವ ಪ್ರಶ್ನೆ ಇದು. ಮನೆಯಲ್ಲಿ ಜಮೀನೋ, ಬೆಂಗಳೂರಿನಲ್ಲಿ ಸ್ವಂತ ಮನೆಯೋ ಇದ್ದವರು ಮೂರು ವರ್ಷ ಸಂಬಳವಿಲ್ಲದೆ ಕಲಿಯಬಹುದು. ಕೂಲಿ ಮಾಡುವ ತಾಯಿಯ ಮಗ ಕಲಿಯಲಾರ. ನ್ಯಾಯಾಲಯದಲ್ಲಿ ಯಾರ ದನಿ ಕೇಳಿಸುತ್ತದೆ ಎಂಬುದು ಇಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಕರ್ನಾಟಕದಲ್ಲಿ ಇದಕ್ಕೊಂದು ಪರಿಹಾರವಿದೆ, ಆದರೆ ಹೆಚ್ಚಿನ ಪದವೀಧರರಿಗೆ ಅದು ಗೊತ್ತಿಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಕಾನೂನು ಪದವೀಧರರಿಗೆ ನ್ಯಾಯಾಡಳಿತದ ತರಬೇತಿ ಎಂಬ ಯೋಜನೆಯಡಿ ಮಾಸಿಕ ಭತ್ಯೆ ಕೊಡುತ್ತವೆ. ಸನ್ನದು ಆದ ಅಭ್ಯರ್ಥಿಯನ್ನು ಹಿರಿಯ ವಕೀಲರು ಅಥವಾ ಸರ್ಕಾರಿ ವಕೀಲರ ಬಳಿ ನಿಗದಿತ ಅವಧಿಗೆ ನಿಯೋಜಿಸುತ್ತಾರೆ. ಹಾಜರಾತಿ ದೃಢೀಕರಣ ಹೋದಂತೆ ಭತ್ಯೆ ಬರುತ್ತದೆ. ಅರ್ಜಿ ಕರೆಯುವುದು ಜಿಲ್ಲಾ ಮಟ್ಟದಲ್ಲಿ, ಪ್ರಕಟಣೆ ಬರುವುದು ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ, ಗಡುವು ಎರಡು ಮೂರು ವಾರ. ಹಾಗಾಗಿ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದಾಗಲೇ ಜಿಲ್ಲಾ ಕಚೇರಿಗೆ ಹೋಗಿ ಈ ವರ್ಷ ಯಾವಾಗ ಕರೆಯುತ್ತಾರೆಂದು ಕೇಳಿ, ಪ್ರತಿ ತಿಂಗಳೂ ಕೇಳಿ.

ಈಗ ಈ ಭತ್ಯೆಯ ಬೆಲೆ ಇನ್ನೂ ಹೆಚ್ಚಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ತಂದಿದೆ. ಆ ಮೂರು ವರ್ಷಗಳನ್ನು ಹಸಿದು ಕಳೆಯಲಾಗದವರು ವಕೀಲಿಕೆಯಿಂದಷ್ಟೇ ಅಲ್ಲ, ನ್ಯಾಯಾಧೀಶರ ಪೀಠದಿಂದಲೂ ದೂರ ಉಳಿಯುತ್ತಾರೆ.

ತಿಂಗಳ ಸಂಬಳ ಬರುವಂಥ ಜನಪರ ಕೆಲಸ ಯಾವುದಾದರೂ ಇದೆಯಾ?

ಇದೆ. ಕಾನೂನು ಸೇವೆಗಳ ಪ್ರಾಧಿಕಾರದ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯಲ್ಲಿ ಪೂರ್ಣಾವಧಿ ವಕೀಲರನ್ನು ನೇಮಿಸಿಕೊಂಡು ಬಡ ಆರೋಪಿಗಳ ಕ್ರಿಮಿನಲ್ ಪ್ರಕರಣಗಳನ್ನು ನಡೆಸಲಾಗುತ್ತದೆ. ಹೊಸಬರು ಸಹಾಯಕ ಅಭಿರಕ್ಷಕರಾಗಿ ಸೇರಬಹುದು, ಖಾಸಗಿ ಪ್ರಕರಣ ತೆಗೆದುಕೊಳ್ಳುವಂತಿಲ್ಲ. ವಿಚಾರಣೆ ನಡೆಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳ ಬಳಿ ಕಾನೂನು ಗುಮಾಸ್ತರಾಗಿ ಒಂದೆರಡು ವರ್ಷ ದುಡಿಯಬಹುದು. ಈ ಅನುಭವವನ್ನು ನ್ಯಾಯಾಧೀಶರ ಪರೀಕ್ಷೆಯ ಮೂರು ವರ್ಷದ ಲೆಕ್ಕಕ್ಕೆ ಸೇರಿಸಲು ಅವಕಾಶವಿದೆ. ಶಾಸನ ರಚನೆಯಲ್ಲಿ ಆಸಕ್ತಿಯಿದ್ದು 25 ವರ್ಷ ಮೀರಿರದಿದ್ದರೆ ಶಾಸನಗಳ ಅಧ್ಯಯನ ನಡೆಸುವ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್‌ನಲ್ಲಿ ಸಂಸದರೊಬ್ಬರ ಸಹಾಯಕರಾಗಿ ದೆಹಲಿಯಲ್ಲಿ ಕೆಲಸ ಮಾಡಬಹುದು.

ಸ್ವಯಂಸೇವಾ ಸಂಸ್ಥೆಗೆ ಸೇರುವವರು ಒಂದು ವಿಷಯ ಗಮನಿಸಿ. ಸನ್ನದು ಇರುವ ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗಬಾರದೆಂದು ಪರಿಷತ್ತಿನ 49ನೆಯ ನಿಯಮ ಹೇಳುತ್ತದೆ. ಆದ್ದರಿಂದ ನೇಮಕಾತಿಯ ಪತ್ರಕ್ಕೆ ಸಹಿ ಹಾಕುವ ಮೊದಲು, ನಿಮ್ಮನ್ನು ನೌಕರರೆಂದು ಬರೆದಿದ್ದಾರೋ, ಪ್ರಕರಣ ನಡೆಸುವ ಗೌರವಧನದ ವಕೀಲರೆಂದು ಬರೆದಿದ್ದಾರೋ ಓದಿ ನೋಡಿ.

ವಿದೇಶದ ಓದು, ನೆರವು ಕೊಡುವವರ ಪ್ರಶ್ನೆ

ಮಾನವ ಹಕ್ಕುಗಳಲ್ಲಿ ಎಲ್‌ಎಲ್‌ಎಂ ಮಾಡಲು ವಿದೇಶಕ್ಕೆ ಹೋಗಬೇಕೆಂದಿದೆ. ಯಾವುದಕ್ಕೆ ಅರ್ಜಿ ಹಾಕಲಿ?

ಮೂವತ್ತು ದಾಟದವರು ಇನ್‌ಲ್ಯಾಕ್ಸ್ ವಿದ್ಯಾರ್ಥಿವೇತನ ನೋಡಿ. ಆಕ್ಸ್‌ಫರ್ಡಿನ ರೋಡ್ಸ್ ವಿದ್ಯಾರ್ಥಿವೇತನದ ವಯೋಮಿತಿ ಅದಕ್ಕಿಂತ ಕಡಿಮೆ. ಆಕ್ಸ್‌ಫರ್ಡ್, ಲಂಡನ್ನಿನ ಸೋಯಸ್ ಅಥವಾ ರೆಡಿಂಗ್‌ನಲ್ಲಿ ಓದಲಿಚ್ಛಿಸುವ, ಸ್ವಂತ ಹಣದಲ್ಲಿ ಹೋಗಲಾಗದ ಪ್ರಥಮ ದರ್ಜೆಯವರಿಗೆ ಫೆಲಿಕ್ಸ್ ವಿದ್ಯಾರ್ಥಿವೇತನ ಇದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬ ಕರಾರೂ ಇದೆ. ಊರಿಗೆ ಮರಳಿ ಕೆಲಸ ಮಾಡುವವರಿಗೆ ಅದು ಹೊರೆಯೇ ಅಲ್ಲ. ಜೆ.ಎನ್. ಟಾಟಾ ದತ್ತಿ 1892ರಷ್ಟು ಹಳೆಯದು. ಆದರೆ ಅದು ಕೊಡುವುದು ಸಾಲ ರೂಪದ ನೆರವು ಎಂಬುದು ನೆನಪಿರಲಿ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ. ವಯಸ್ಸು 35ರೊಳಗೆ, ಆದಾಯ 8 ಲಕ್ಷದೊಳಗೆ ಇರಬೇಕು. 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಾಮಾಜಿಕ ಅಧ್ಯಯನಗಳನ್ನು ವಿಷಯವಾಗಿ ಆರಿಸುವಂತಿಲ್ಲ ಎಂದು ಸೇರಿಸಿದರು. ಜಾತಿ ಮತ್ತು ಕಾನೂನಿನ ಸಂಬಂಧವನ್ನೇ ಅಧ್ಯಯನ ಮಾಡಬೇಕೆಂದಿದ್ದವರಿಗೆ ಇದು ದೊಡ್ಡ ಪೆಟ್ಟು. ನಾನು ಅದನ್ನು ಒಪ್ಪಲಾರೆ. ಸಂಶೋಧನಾ ವಿಷಯವನ್ನು ಬರೆಯುವ ಮೊದಲು ಆ ವರ್ಷದ ಮಾರ್ಗಸೂಚಿಯನ್ನು ಸಾಲು ಬಿಡದೆ ಓದಿ.

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಇಲ್ಲೇ ಹುಟ್ಟಿದವನು, ಪಬ್ಲಿಕ್ ಡಿಫೆಂಡರ್ ಆಗುತ್ತಾನಂತೆ. ಸಾಲ ಮನ್ನಾ ಆಗುತ್ತದೆ ಅನ್ನುವುದು ನಿಜವೇ?

ನಿಜ, ಆದರೆ ಷರತ್ತುಗಳಿವೆ. ಪಬ್ಲಿಕ್ ಡಿಫೆಂಡರ್ ಎಂದರೆ ಬಡ ಆರೋಪಿಗಳ ಪರ ವಾದಿಸುವ, ಸರ್ಕಾರ ಸಂಬಳ ಕೊಡುವ ವಕೀಲ. 2007ರಲ್ಲಿ ಬಂದ ಅಮೆರಿಕದ ಕಾನೂನಿನಂತೆ, ಸರ್ಕಾರಿ ಅಥವಾ ಅರ್ಹ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ದುಡಿಯುತ್ತಾ 120 ಮಾಸಿಕ ಕಂತುಗಳನ್ನು ಕಟ್ಟಿದವರ ಉಳಿದ ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ವಿದ್ಯಾರ್ಥಿ ಸಾಲ ಮನ್ನಾ ಆಗುತ್ತದೆ. ಖಾಸಗಿ ಬ್ಯಾಂಕಿನ ಸಾಲಕ್ಕೆ ಇದು ಅನ್ವಯಿಸದು. ವಿದ್ಯಾರ್ಥಿ ವೀಸಾದಲ್ಲಿ ಹೋದ ನಮ್ಮ ಮಕ್ಕಳಿಗೆ ಫೆಡರಲ್ ಸಾಲವೇ ಸಿಗದಿರುವುದರಿಂದ ಅವರಿಗೂ ಇಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ರೂಟ್-ಟಿಲ್ಡನ್-ಕರ್ನ್ ವಿದ್ಯಾರ್ಥಿವೇತನದಂಥವು ಜನಪರ ವಕೀಲಿಕೆಗೆ ಹೊರಟವರ ಬೋಧನಾ ಶುಲ್ಕವನ್ನು ಪೂರ್ತಿ ಭರಿಸುತ್ತವೆ. ಮಗ ಮೊದಲು ಅವುಗಳಿಗೆ ಅರ್ಜಿ ಹಾಕಲಿ, ಸಾಲದ ಮಾತು ಆಮೇಲೆ ಬರಲಿ.

ನಾವು ಹತ್ತು ಜನ ಸಹಪಾಠಿಗಳು ಸೇರಿ ಊರಿನ ಕಾಲೇಜಿಗೆ ಒಂದು ವಿದ್ಯಾರ್ಥಿವೇತನ ಇಡಬೇಕೆಂದಿದ್ದೇವೆ. ಹೇಗೆ ಮಾಡಿದರೆ ಒಳ್ಳೆಯದು?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ತುಂಬ ಸಂತೋಷವಾಗುತ್ತದೆ. ರ‍್ಯಾಂಕ್ ಬಂದವರಿಗೆ ಪದಕ, ಶಾಲು, ಐದು ಸಾವಿರದ ಚೆಕ್ಕು ಕೊಡುವ ದತ್ತಿಗಳು ಈಗಾಗಲೇ ಇವೆ. ನೀವು ಪದವಿ ಮುಗಿಸಿದ ಒಬ್ಬರನ್ನು ಆರಿಸಿ, ಎರಡು ವರ್ಷ ಪ್ರತಿ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಹಣ ಕಳಿಸಿ. ಹತ್ತು ಜನ ತಿಂಗಳಿಗೆ ಒಂದೂವರೆ ಸಾವಿರದಂತೆ ಹಾಕಿದರೆ ಪರಿಷತ್ತು ಗ್ರಾಮೀಣ ಭಾಗಕ್ಕೆ ಹೇಳಿದ 15,000 ರೂಪಾಯಿ ಆಗಿಬಿಡುತ್ತದೆ. ಆಯ್ಕೆಯಲ್ಲಿ ಅಂಕಕ್ಕಿಂತ ಕಾನೂನು ನೆರವಿನ ಕೇಂದ್ರದಲ್ಲಿ ಮಾಡಿದ ಕೆಲಸ ನೋಡಿ. ಕೂಲಿ ಮನೆಯ ಮಗಳು ಎಂದು ವೇದಿಕೆಗೆ ಕರೆದು ಫೋಟೊ ತೆಗೆಸುವುದು ಬೇಡ. ಲೆಕ್ಕಪತ್ರ ಕೇಳುವ ಬದಲು, ಮೂರು ತಿಂಗಳಿಗೊಮ್ಮೆ ಅವಳು ನಡೆಸುತ್ತಿರುವ ಪ್ರಕರಣಗಳ ಬಗ್ಗೆ ಒಂದು ಪುಟ ಬರೆದು ಕಳಿಸಲು ಹೇಳಿ, ಕಕ್ಷಿದಾರರ ಹೆಸರಿಲ್ಲದೆ. ನಿಮ್ಮಲ್ಲಿ ಹಿರಿಯ ವಕೀಲರೊಬ್ಬರಿದ್ದರೆ ಅವರ ದೂರವಾಣಿ ಸಂಖ್ಯೆಯನ್ನು ಅವಳಿಗೆ ಕೊಡಿ. ಜಾಮೀನು ಅರ್ಜಿ ತಿರಸ್ಕೃತವಾದ ಸಂಜೆ ಕರೆ ಮಾಡಲು ಅವಳಿಗೆ ಯಾರಾದರೂ ಬೇಕಾಗುತ್ತಾರೆ.